ಕೇಸ್ ಹಾಕಿದರೆ ಸೋಡಚೀಟಿ (ವಿಚ್ಛೇದನ) ಆಗಿಬಿಡುತ್ತದಾ?

ಪ್ರಶ್ನೆ: ನನಗೆ 28 ವರ್ಷ. ತವರು ಅಥಣಿ ತಾಲೂಕಿನ ಒಂದು ಹಳ್ಳಿ. ಗಂಡನ ಮನೆ ಗಡಿ ದಾಟಿ, ಮಿರಜ್ ಹತ್ತಿರ. ಮದುವೆಯಾಗಿ 8 ವರ್ಷ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಕುಡಿದಾಗ ಹೊಡೆಯುತ್ತಾರೆ, ಕುಡಿಯದಿದ್ದಾಗಲೂ ಹೊಡೆಯುತ್ತಾರೆ. ಎರಡು ಸಲ ಹಿರಿಯರನ್ನು ಕೂಡಿಸಿದೆವು. ಎರಡನೇ ಸಲ ದೇವರ ಭಂಡಾರ (ಅರಿಶಿನ ಪುಡಿ) ಮುಟ್ಟಿ ಆಣೆ ಮಾಡಿದರು, 11ನೇ ದಿನಕ್ಕೆ ಮತ್ತೆ ಕೈ ಎತ್ತಿದರು. ಈಗ 3 ವರ್ಷದ ಮಗಳ ಜೊತೆ ತವರಿನಲ್ಲಿದ್ದೇನೆ. 6 ವರ್ಷದ ಮಗನನ್ನು ಅವರು ಕಳಿಸಲಿಲ್ಲ. ‘ಮನೆ ನಮ್ಮಪ್ಪನ ಹೆಸರಲ್ಲಿದೆ, ನಿನಗೇನೂ ಹಕ್ಕಿಲ್ಲ. ಕೇಸ್ ಹಾಕೋದಿದ್ದರೆ ಮಹಾರಾಷ್ಟ್ರಕ್ಕೆ ಬಂದು ಹಾಕು’ ಅನ್ನುತ್ತಾರೆ. ಕೇಸ್ ಹಾಕಿದರೆ ಅವರು ಜೈಲಿಗೆ ಹೋಗುತ್ತಾರಾ? ಸೋಡಚೀಟಿ ಆಗಿಬಿಡುತ್ತದಾ? ನನಗೆ ಸೋಡಚೀಟಿ ಬೇಡ. ಹೊಡೆತ ನಿಲ್ಲಬೇಕು, ಮಗ ಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿಗೆ ನಾನು ಅಡಿಗೆರೆ ಹಾಕಿಕೊಂಡೆ. ‘ಸೋಡಚೀಟಿ ಬೇಡ. ಹೊಡೆತ ನಿಲ್ಲಬೇಕು, ಮಗ ಬೇಕು.’ ವಕೀಲರ ಮುಂದೆ ಕೂತಾಗ ಮೊದಲು ಹೇಳಬೇಕಾದದ್ದೂ ಇದನ್ನೇ. ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ನೀವು ಅಳುತ್ತಾ ಎಂಟು ವರ್ಷದ ಕಥೆ ಹೇಳುತ್ತೀರಿ. ಅವರು ಗಡಿಬಿಡಿಯಲ್ಲಿ ತಮಗೆ ರೂಢಿಯಿರುವ ಕೇಸ್ ಹಾಕುತ್ತಾರೆ. ಆರು ತಿಂಗಳ ಮೇಲೆ ‘ನಾನು ಇದನ್ನು ಕೇಳಿರಲಿಲ್ಲವಲ್ಲ’ ಅಂತ ನಿಮಗೆ ಅನ್ನಿಸುತ್ತದೆ. ಬೆಳಗಾವಿ ಜಿಲ್ಲೆಯ ಕೋರ್ಟುಗಳ ಕಟ್ಟೆಯ ಮೇಲೆ ಇಂಥ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ.

ನಮ್ಮ ಕಡೆ ‘ಕೇಸ್ ಹಾಕಿದಳು’ ಅಂದರೆ ‘ಸೋಡಚೀಟಿ ಕೇಳಿದಳು’ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ವಿಚ್ಛೇದನ ಬೇಕು ಅಂತ ನೀವಾಗಲಿ ಅವರಾಗಲಿ ಪ್ರತ್ಯೇಕ ಅರ್ಜಿ ಹಾಕಿ, ಕೋರ್ಟು ಒಪ್ಪಿ ಡಿಕ್ರಿ ಕೊಟ್ಟರೆ ಮಾತ್ರ ಮದುವೆ ಮುರಿಯುತ್ತದೆ. ಹೊಡೆತ ನಿಲ್ಲಿಸಿ ಅಂತ ಕೇಳಿದ ಮಾತ್ರಕ್ಕೆ ಯಾವ ನ್ಯಾಯಾಧೀಶರೂ ನಿಮ್ಮ ತಾಳಿಗೆ ಕೈ ಹಾಕುವುದಿಲ್ಲ.

ಹೊಡೆತ ನಿಲ್ಲಿಸಲೆಂದೇ ಮಾಡಿದ ಕಾನೂನು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಕೋರ್ಟಿನಲ್ಲಿ ಎಲ್ಲರೂ ‘ಡಿವಿ’ ಅನ್ನುತ್ತಾರೆ, ನೀವೂ ಹಾಗೇ ಕೇಳಿ. ನನ್ನ ಪ್ರಕಾರ ನಿಮ್ಮ ಮೊದಲ ಹೆಜ್ಜೆ ಇದೇ ಆಗಬೇಕು. ಇದರಲ್ಲಿ ಮ್ಯಾಜಿಸ್ಟ್ರೇಟರಿಗೆ ಒಂದೇ ಅರ್ಜಿ ಕೊಟ್ಟು ಐದಾರು ಆದೇಶ ಕೇಳಬಹುದು: ಹೊಡೆಯಬಾರದು, ಬೆದರಿಸಬಾರದು, ತವರಿನ ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಬಾರದು, ಮನೆಯಿಂದ ಹೊರಗೆ ಹಾಕಬಾರದು, ತಿಂಗಳ ಖರ್ಚು ಕೊಡಬೇಕು, ಮಗುವನ್ನು ಸದ್ಯಕ್ಕೆ ತಾಯಿಗೆ ಕೊಡಬೇಕು, ಒಡವೆ ವಾಪಸ್ ಕೊಡಬೇಕು, ಆದ ನೋವಿಗೆ ಪರಿಹಾರ ಕೊಡಬೇಕು. ಅರ್ಜಿ ಹಾಕಿದ ಕೂಡಲೇ ಯಾರನ್ನೂ ಹಿಡಿದೊಯ್ಯುವುದಿಲ್ಲ. ಅವರಿಗೆ ನೋಟಿಸ್ ಹೋಗುತ್ತದೆ, ಅಷ್ಟೇ. ಆದರೆ ಕೋರ್ಟು ರಕ್ಷಣಾ ಆದೇಶ ಕೊಟ್ಟ ಮೇಲೆ ಅವರು ಅದನ್ನು ಮುರಿದರೆ ಆಗ ಅದು ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದು, ಠಾಣೆಯಲ್ಲೇ ಜಾಮೀನು ಸಿಗುವುದಿಲ್ಲ. ಅಂದರೆ ಜೈಲಿಗೆ ಹೋಗುವುದು ಬಿಡುವುದು ಅವರ ಕೈಯಲ್ಲೇ ಇದೆ.

ಭಂಡಾರದ ಆಣೆಗೂ ಇದಕ್ಕೂ ಇರುವ ಫರಕು ಇಷ್ಟೇ. ಆಣೆ ಮುರಿದರೆ ದೇವರು ನೋಡಿಕೊಳ್ಳಬೇಕು, ಇದನ್ನು ಮುರಿದರೆ ಪೊಲೀಸರು ನೋಡಿಕೊಳ್ಳುತ್ತಾರೆ.

ಇನ್ನು ‘ಮಹಾರಾಷ್ಟ್ರಕ್ಕೆ ಬಂದು ಹಾಕು’ ಅನ್ನುವ ಮಾತು. ಗಡಿ ಊರುಗಳಲ್ಲಿ ಇದೊಂದು ಹಳೇ ಬೆದರಿಕೆ. ಅಥಣಿ, ಚಿಕ್ಕೋಡಿ, ನಿಪ್ಪಾಣಿಯ ಹೆಣ್ಣು ಕೊಲ್ಹಾಪುರ, ಸಾಂಗ್ಲಿಗೆ ಹೋಗುತ್ತಾಳೆ, ಇಂಡಿ ಕಡೆಯವಳು ಸೋಲಾಪುರಕ್ಕೆ ಹೋಗುತ್ತಾಳೆ. ಜಗಳವಾದಾಗ ಗಡಿಯೇ ಗೋಡೆಯಾಗುತ್ತದೆ. ಕಾನೂನಿನಲ್ಲಿ ಈ ಗೋಡೆ ಇಲ್ಲ. ಡಿವಿ ಕಾಯ್ದೆಯ 27ನೇ ಕಲಂ ಪ್ರಕಾರ ನೀವು ಕಾಯಂ ಆಗಿಯೋ ತಾತ್ಕಾಲಿಕವಾಗಿಯೋ ಎಲ್ಲಿ ಇದ್ದೀರೋ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ನಿಮ್ಮ ಮಟ್ಟಿಗೆ ಅಂದರೆ ಅಥಣಿ ಕೋರ್ಟು. ಅಲ್ಲಿ ಸಿಕ್ಕ ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ ಅಂತ ಅದೇ ಕಲಂನಲ್ಲಿ ಬರೆದಿದೆ. ಪೊಲೀಸ್ ಕೇಸಿಗೂ ಹಾಗೇ. ಗಂಡನ ಮನೆಯ ಹಿಂಸೆ ತಾಳಲಾರದೆ ಹೆಂಡತಿ ಎಲ್ಲಿ ಆಸರೆ ಪಡೆದಿದ್ದಾಳೋ ಅಲ್ಲಿಯೂ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಹೊಡೆತ ಬಿದ್ದದ್ದು ಅಲ್ಲಿ, ಆದರೆ ಅದರ ನೋವು ತವರಿನಲ್ಲೂ ಮುಂದುವರಿದಿದೆ ಅನ್ನುವುದು ಅದರ ತರ್ಕ. ಈ ತೀರ್ಪಿನ ಹೆಸರು ಬರೆದಿಟ್ಟುಕೊಳ್ಳಿ. ಠಾಣೆಯಲ್ಲಿ ‘ನಮ್ಮ ಹದ್ದಿಗೆ ಬರಲ್ಲ’ ಅಂದರೆ ಹೇಳಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಂತೂ ಯಾವ ಠಾಣೆಗೆ ಹೋದರೂ ಗಂಭೀರ ಅಪರಾಧದ ದೂರು ಬರೆದುಕೊಳ್ಳಲೇಬೇಕು. ಬೇಕಾದರೆ ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಲಿ. ಇದಕ್ಕೆ ‘ಝೀರೋ ಎಫ್‌ಐಆರ್’ ಅನ್ನುತ್ತಾರೆ.

ಅಥಣಿಯಲ್ಲೇ ಹಾಕಿ ಅಂತ ನಾನು ಒತ್ತಿ ಹೇಳುವುದಕ್ಕೆ ಸಣ್ಣದೊಂದು ಕಾರಣವೂ ಇದೆ. ತಾರೀಖಿಗೆ ಓಡಾಡುವ ಖರ್ಚೇ ಎಷ್ಟೋ ಕೇಸುಗಳನ್ನು ಸಾಯಿಸುತ್ತದೆ. ಹಳ್ಳಿಯಿಂದ ಅಥಣಿಗೆ ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದೆ, ಗಡಿ ದಾಟಿದರೆ ಅದಿಲ್ಲ. ನಿಮ್ಮ ಆಧಾರ್ ಕಾರ್ಡಿನಲ್ಲಿ ಯಾವ ವಿಳಾಸ ಇದೆ ನೋಡಿಕೊಳ್ಳಿ. ಮದುವೆಯಾದ ಮೇಲೆ ಮಹಾರಾಷ್ಟ್ರದ ವಿಳಾಸಕ್ಕೆ ಬದಲಾಯಿಸಿದ್ದರೆ ಇಲ್ಲಿ ಕಂಡಕ್ಟರ್ ಒಪ್ಪುವುದಿಲ್ಲ. ತವರಿನ ವಿಳಾಸಕ್ಕೆ ಮತ್ತೆ ಬದಲಾಯಿಸಿಕೊಳ್ಳಿ. ಈಗ ಎಲ್ಲಿದ್ದೀರಿ ಅಂತ ಕೋರ್ಟಿಗೆ ತೋರಿಸಲೂ ಅದು ಉಪಯೋಗಕ್ಕೆ ಬರುತ್ತದೆ.

ಮನೆ ಮಾವನ ಹೆಸರಲ್ಲಿದೆ, ನಿನಗೆ ಹಕ್ಕಿಲ್ಲ ಅನ್ನುವ ಮಾತಿಗೆ 2020ರವರೆಗೆ ಸ್ವಲ್ಪ ಬಲ ಇತ್ತು. 2007ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಅತ್ತೆ-ಮಾವನ ಸ್ವಂತ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲ ಅಂದಿತ್ತು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಪ್ಪು ಅಂತ ತಿದ್ದಿತು. ಮನೆ ಯಾರ ಹೆಸರಲ್ಲಾದರೂ ಇರಲಿ, ನೀವು ಮದುವೆಯಾಗಿ ಬಂದು ಸಂಸಾರ ಮಾಡಿದ ಮನೆ ‘ಹಂಚಿಕೊಂಡು ಬಾಳಿದ ಮನೆ’. ಕಾನೂನು ಕ್ರಮ ಬಿಟ್ಟು ಬೇರೆ ದಾರಿಯಲ್ಲಿ ಅಲ್ಲಿಂದ ನಿಮ್ಮನ್ನು ಹೊರಗೆ ಹಾಕುವಂತಿಲ್ಲ. ಒಂದು ಮಾತು ಮಾತ್ರ ತಲೆಯಲ್ಲಿರಲಿ. ಇದು ಇರುವ ಹಕ್ಕು. ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ನಿಮ್ಮ ಹೆಸರು ಏರುವುದಿಲ್ಲ, ಮಾವನ ಆಸ್ತಿಯಲ್ಲಿ ಪಾಲು ಬರುವುದಿಲ್ಲ.

ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಮನೆಗೇ ವಾಪಸ್ ಹೋಗಬೇಕಾ? ಹಕ್ಕಿದೆ ಅಂದ ಮಾತ್ರಕ್ಕೆ ಇವತ್ತೇ ಹೋಗಿ ಇರಬೇಕು ಅಂತೇನಿಲ್ಲ. ರಾತ್ರಿ ಹನ್ನೊಂದಕ್ಕೆ ಕುಡಿದು ಬಂದ ಗಂಡನ ಕೈಯನ್ನು ಆದೇಶದ ಕಾಗದ ಹಿಡಿದು ನಿಲ್ಲಿಸುವುದಿಲ್ಲ. ಪೊಲೀಸರು ಬರುವ ಹೊತ್ತಿಗೆ ಹೊಡೆತ ಬಿದ್ದು ಆಗಿರುತ್ತದೆ. ಅದಕ್ಕೇ 19ನೇ ಕಲಂನಲ್ಲಿ ಇನ್ನೊಂದು ದಾರಿ ಇಟ್ಟಿದ್ದಾರೆ. ಅಂಥದ್ದೇ ಬೇರೆ ಮನೆ ಮಾಡಿಕೊಡಿ, ಇಲ್ಲವೇ ಬಾಡಿಗೆ ಕೊಡಿ ಅಂತ ಕೋರ್ಟು ಗಂಡನಿಗೆ ಹೇಳಬಹುದು. ಅಥಣಿಯಲ್ಲೇ ಒಂದು ಖೋಲಿ ಹಿಡಿದು, ಬಾಡಿಗೆ ಅವರು ಕೊಡುವ ಹಾಗೆ ಆದೇಶ ತೆಗೆದುಕೊಂಡು, ಅವರು ಬದಲಾದರಾ ಇಲ್ಲವಾ ಅಂತ ದೂರದಿಂದ ನೋಡುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ತೀರ್ಮಾನ ನಿಮ್ಮದು.

ಮಗನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಮಗುವಿನ ಸುಪರ್ದಿಗೆ ಅಂತ ಬೇರೆ ಕೇಸ್ ಹಾಕಿದರೆ ಸಾಮಾನ್ಯವಾಗಿ ಮಗು ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿಗೆ ಹೋಗಬೇಕು. ಅಂದರೆ ಗಡಿಯಾಚೆ. ಡಿವಿ ಅರ್ಜಿಯ ಒಳಗೇ 21ನೇ ಕಲಂ ಕೆಳಗೆ ತಾತ್ಕಾಲಿಕ ಸುಪರ್ದಿ ಕೇಳಿದರೆ ಅಥಣಿಯ ಮ್ಯಾಜಿಸ್ಟ್ರೇಟರೇ ಆದೇಶ ಕೊಡಬಹುದು. ಆದ್ದರಿಂದ ಅರ್ಜಿ ಬರೆಯುವಾಗ ‘ಮಗನ ತಾತ್ಕಾಲಿಕ ಸುಪರ್ದಿ’ ಅನ್ನುವ ಸಾಲು ಇದೆಯಾ ಅಂತ ನೀವೇ ಓದಿ ನೋಡಿ. ಓದಿಸಿ ಕೇಳದೆ ಸಹಿ ಮಾಡಬೇಡಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಅಂತ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಹಾಗಾಗಿ ಮಗಳನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಅಷ್ಟಾಗಿ ಬೇಡ. ಮಗನಿಗೆ ಆರು. ಅಲ್ಲಿ ಕೋರ್ಟು ನೋಡುವುದು ಮಗುವಿಗೆ ಯಾವುದು ಒಳ್ಳೆಯದು ಅನ್ನುವುದನ್ನು. ಅಪ್ಪ ಅಮ್ಮನನ್ನು ಹೊಡೆಯುವುದನ್ನು ಅವನು ಕಣ್ಣಾರೆ ಕಂಡಿದ್ದರೆ ಅದನ್ನು ಅರ್ಜಿಯಲ್ಲಿ ಬರೆಸಿ. ನಿಮ್ಮ ಅಣ್ಣತಮ್ಮಂದಿರು ಜೀಪು ತೆಗೆದುಕೊಂಡು ಹೋಗಿ ಶಾಲೆಯಿಂದ ಹುಡುಗನನ್ನು ಎತ್ತಿಕೊಂಡು ಬರುತ್ತೇವೆ ಅಂದರೆ ದಯವಿಟ್ಟು ತಡೆಯಿರಿ. ಹಾಗೆ ಮಾಡಿದ ಮರುದಿನ ಅವರೇ ದೂರುದಾರರು, ನೀವು ಆರೋಪಿಗಳು.

ದುಡ್ಡಿನ ಮಾತಿಗೆ ಬರೋಣ. ಜೀವನಾಂಶಕ್ಕೆ ನಮ್ಮ ಕಡೆ ಪೋಟಗಿ ಅನ್ನುತ್ತೇವೆ ಅಲ್ವಾ, ಅದನ್ನು ಡಿವಿ ಅರ್ಜಿಯಲ್ಲೇ ಕೇಳಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಂ ಕೆಳಗೆ ಬೇರೆಯಾಗಿಯೂ ಕೇಳಬಹುದು. ಹಳೇ ವಕೀಲರು ಇದನ್ನು ಇನ್ನೂ ಹಿಂದಿನ ಕಾನೂನಿನ ಕಲಂ ಸಂಖ್ಯೆ ಹಿಡಿದು ‘125’ ಅಂತಲೇ ಕರೆಯುತ್ತಾರೆ. ಎರಡೂ ಕಡೆ ಹಾಕಿದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಹೇಳಲೇಬೇಕು, ಮುಚ್ಚಿಡಬಾರದು. ಪೋಟಗಿ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಬೇಕು, ಪೋಟಗಿ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಆಗಬೇಕು ಅಂತ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ‘ಇನ್ನೊಂದು ತಿಂಗಳು ನೋಡೋಣ’ ಅಂತ ಸುಮ್ನೆ ಕೂತರೆ ಆ ತಿಂಗಳ ದುಡ್ಡು ಹೋಯಿತು ಅಂತಲೇ ತಿಳಿಯಿರಿ.

ನಿಮ್ಮ ಗಂಡ ಕಾರ್ಖಾನೆಯ ಸಂಬಳದವರು ಅನ್ನುವುದು ನಿಮ್ಮ ಪಾಲಿಗೆ ಅನುಕೂಲ. ಹೊಲ ಉಳುವ ಗಂಡಸಾದರೆ ‘ಮಳೆ ಇಲ್ಲ, ಬೆಳೆ ಇಲ್ಲ, ಕಬ್ಬಿನ ಬಿಲ್ ಬಂದಿಲ್ಲ’ ಅಂತ ಅಫಿಡವಿಟ್ ಬರೆಸುತ್ತಾನೆ. ಸಂಬಳದ ಚೀಟಿ ಸುಳ್ಳು ಹೇಳುವುದಿಲ್ಲ. ಅವರು ದುಡ್ಡು ಕೊಡದೆ ಸತಾಯಿಸಿದರೆ, ಸಂಬಳದಲ್ಲೇ ಹಿಡಿದು ನೇರವಾಗಿ ನಿಮಗೆ ಕೊಡಿ ಅಂತ ಕಾರ್ಖಾನೆಗೇ ಆದೇಶ ಮಾಡಲು ಡಿವಿ ಕಾಯ್ದೆಯ 20ನೇ ಕಲಂನಲ್ಲಿ ಅವಕಾಶ ಇದೆ. ಅವರ ಗುರುತಿನ ಚೀಟಿಯದೋ ಸಂಬಳದ ಚೀಟಿಯದೋ ಫೋಟೋ ನಿಮ್ಮ ಮೊಬೈಲಿನಲ್ಲಿ ಇದೆಯಾ ನೋಡಿ.

ಹೊಡೆತ ಇಲ್ಲದಿದ್ದರೂ ಡಿವಿ ಕಾಯ್ದೆ ಅನ್ವಯಿಸುತ್ತದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬೈಗುಳ, ‘ಬಂಜೆ’ ಅನ್ನುವ ಹಂಗಿಸುವ ಮಾತು, ಇಷ್ಟವಿಲ್ಲದ ಲೈಂಗಿಕ ಬಲವಂತ, ದುಡ್ಡು ಕೊಡದೆ ಸತಾಯಿಸುವುದು ಎಲ್ಲವೂ ಈ ಕಾಯ್ದೆಯ ಲೆಕ್ಕದಲ್ಲಿ ದೌರ್ಜನ್ಯವೇ. ಬಾಗಲಕೋಟೆ ಜಿಲ್ಲೆಯ ಬನಹಟ್ಟಿ ಕಡೆ ಮನೆಮನೆಯಲ್ಲಿ ಮಗ್ಗ. ಹೆಣ್ಣುಮಕ್ಕಳು ಬೆಳಗಿನಿಂದ ಕಂಡಿಕೆ ಸುತ್ತುತ್ತಾರೆ, ವಾರದ ಮಜೂರಿ ಗಂಡನ ಕೈಗೆ ಹೋಗುತ್ತದೆ. ಚಹಾಪುಡಿಗೂ ಅವನನ್ನು ಕೇಳಬೇಕು. ಇದಕ್ಕೆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ ಅನ್ನುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನ ಎಟಿಎಂ ಕಾರ್ಡು ಕಿತ್ತುಕೊಂಡು ಹೋಗುವವನಿಗೂ ಅದೇ ಹೆಸರು.

ಈಗ ಪೊಲೀಸ್ ಕೇಸ್. ಹಿಂದೆ ‘498ಎ’ ಅನ್ನುತ್ತಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಗಂಡ ಅಥವಾ ಅವನ ಸಂಬಂಧಿಕರು ಕ್ರೌರ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ವರದಕ್ಷಿಣೆ ಕೇಳಿದ್ದರೆ ಮಾತ್ರ ಈ ಕೇಸ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಜೀವಕ್ಕೋ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯ ತರುವ ಹಿಂಸೆ ಇದ್ದರೆ ಸಾಕು. ತವರಿನಿಂದ ದುಡ್ಡು, ಬಂಗಾರ, ಗಾಡಿ ತಾ ಅಂತ ಕಾಡಿದ್ದರೆ ಅದನ್ನೂ ಹೇಳಿ. ಆಗ 1961ರ ವರದಕ್ಷಿಣೆ ನಿಷೇಧ ಕಾಯ್ದೆಯೂ ಸೇರುತ್ತದೆ. ‘ಕೊಟ್ಟವರೂ ತಪ್ಪಿತಸ್ಥರೇ, ನಿಮ್ಮಪ್ಪನೂ ಒಳಗೆ ಹೋಗ್ತಾನೆ’ ಅಂತ ಹೆದರಿಸುವವರಿದ್ದಾರೆ. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಕೇಸ್ ನಡೆಸುವಂತಿಲ್ಲ ಅಂತ ಅದೇ ಕಾಯ್ದೆಯಲ್ಲಿದೆ.

ದೂರು ಕೊಟ್ಟ ಕೂಡಲೇ ಕೈಕೋಳ ಹಾಕುವ ಕಾಲ ಹೋಯಿತು. 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಈಚೆಗೆ ಇಂಥ ಕೇಸುಗಳಲ್ಲಿ ಪೊಲೀಸರು ಮೊದಲು ನೋಟಿಸ್ ಕೊಟ್ಟು ಕರೆಸುತ್ತಾರೆ. ಬಂಧಿಸಬೇಕಾದರೆ ಕಾರಣ ಬರೆಯಬೇಕು. ಹಾಗಾಗಿ ಜೈಲಿನ ಪ್ರಶ್ನೆಗೆ ಉತ್ತರ: ಬಹುತೇಕ ತಕ್ಷಣಕ್ಕೆ ಹೋಗುವುದಿಲ್ಲ. ಆದರೆ ನೀವು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಡಿವಿ ಅರ್ಜಿಯನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳಬಹುದು. 85ರ ಎಫ್‌ಐಆರ್ ಹಾಗಲ್ಲ. ಒಮ್ಮೆ ದಾಖಲಾದರೆ ಸರ್ಕಾರವೇ ನಡೆಸುವ ಕೇಸ್. ರಾಜಿಯಾದರೂ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ. ನಿಮಗೆ ಸಂಸಾರ ಉಳಿಸಿಕೊಳ್ಳುವ ಆಸೆ ಇನ್ನೂ ಇರುವುದರಿಂದ ಮೊದಲು ಡಿವಿ ಹಾಕಿ ಅನ್ನುತ್ತಿದ್ದೇನೆ. ಆದರೆ ಅವರು ಕುತ್ತಿಗೆ ಹಿಸುಕಿದ್ದರೆ, ಕುಡಗೋಲು ತೋರಿಸಿದ್ದರೆ, ಸೀಮೆಎಣ್ಣೆ ಅಂತ ಒಂದು ಮಾತು ಆಡಿದ್ದರೂ ಈ ಲೆಕ್ಕಾಚಾರ ಬಿಟ್ಟುಬಿಡಿ, ನೇರ ಠಾಣೆಗೆ ಹೋಗಿ. ಕೊನೆಯ ಘಟನೆಯಿಂದ ಮೂರು ವರ್ಷದೊಳಗೆ 85ರ ದೂರು ಕೊಡಬೇಕು. ಡಿವಿ ಅರ್ಜಿಗೆ ಅಂಥ ಗಡುವು ಇಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ದೂರಿನಲ್ಲಿ ಯಾರ ಹೆಸರು ಬರೆಸಬೇಕು ಅನ್ನುವಲ್ಲಿ ಬಹಳ ಜನ ಎಡವುತ್ತಾರೆ. ಸಿಟ್ಟಿನಲ್ಲಿ ಪುಣೆಯಲ್ಲಿರುವ ನಾದಿನಿ, ದೀಪಾವಳಿಗೆ ಒಮ್ಮೆ ಬರುವ ಭಾವ, ಅವನ ಹೆಂಡತಿ ಎಲ್ಲರನ್ನೂ ಸೇರಿಸುತ್ತಾರೆ. ಯಾರು, ಯಾವಾಗ, ಏನು ಮಾಡಿದರು ಅಂತ ಹೇಳಲಾಗದ ಹೆಸರುಗಳನ್ನು ಹೈಕೋರ್ಟು ಕಿತ್ತುಹಾಕುತ್ತದೆ. ಅವರ ಜೊತೆಗೆ ನಿಮ್ಮ ನಿಜವಾದ ಮಾತಿನ ತೂಕವೂ ಇಳಿಯುತ್ತದೆ. ಹೊಡೆದವರ ಹೆಸರು ಬರೆಸಿ, ಹೊಡೆಯಲು ಹಚ್ಚಿಕೊಟ್ಟವರ ಹೆಸರು ಬರೆಸಿ. ಅಲ್ಲಿಗೆ ನಿಲ್ಲಿಸಿ.

ಸಾಕ್ಷಿ ಏನಿದೆ ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕು ಗೋಡೆಯ ಒಳಗೆ ಬಿದ್ದ ಏಟಿಗೆ ಸಾಕ್ಷಿ ಎಲ್ಲಿಂದ ತರೋದು? ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಗೋಡೆಯ ಕ್ಯಾಲೆಂಡರ್ ಸುತ್ತಿಕೊಂಡು ಬಂದಿದ್ದಳು. ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರ್ ಅದು. ಒಂದೊಂದು ತಾರೀಖಿನ ಕೆಳಗೆ ಅರ್ಧ ಲೀಟರು, ಒಂದು ಲೀಟರು ಅಂತ ಪೆನ್ಸಿಲ್ಲಿನಲ್ಲಿ ಬರೆದಿದ್ದಳು. ಕೆಲವು ತಾರೀಖುಗಳ ಮೂಲೆಯಲ್ಲಿ ಒಂದು ಸಣ್ಣ ಸೊನ್ನೆ ಇತ್ತು. ‘ಇದೇನವ್ವಾ?’ ಅಂದೆ. ‘ಹೊಡೆದ ದಿನ’ ಅಂದಳು. ಗಂಡ ದಿನಾ ನೋಡುವ ಗೋಡೆಯ ಮೇಲೇ ಬರೆದಿಟ್ಟಿದ್ದಳು, ಅವನಿಗೆ ಗೊತ್ತಾಗಿರಲಿಲ್ಲ. ಎರಡು ಸೊನ್ನೆ ಅವಳು ದವಾಖಾನೆಗೆ ಹೋದ ಚೀಟಿಯ ತಾರೀಖಿಗೆ ತಾಳೆಯಾದವು. ಅರ್ಜಿ ಬರೆಯಲು ನನಗೆ ಅಷ್ಟು ಗಟ್ಟಿಯಾದ ಕಾಗದ ಅದಕ್ಕೂ ಮುಂಚೆ ಸಿಕ್ಕಿರಲಿಲ್ಲ.

ನೀವು ಬರೆದಿಟ್ಟಿಲ್ಲದಿದ್ದರೆ ಇವತ್ತೇ ಕೂತು ಬರೆಯಿರಿ. ತಾರೀಖು ನೆನಪಿಲ್ಲವಾ? ‘ಕಾರಹುಣ್ಣಿಮೆ ಆದ ಮೂರನೇ ದಿನ’, ‘ಮಗಳ ಜವಳ ತೆಗೆದ ವಾರ’ ಅಂತ ಬರೆಯಿರಿ. ದವಾಖಾನೆಯಲ್ಲಿ ಏನು ಹೇಳಿದ್ದಿರಿ ಅನ್ನುವುದನ್ನೂ ನೆನಪು ಮಾಡಿಕೊಳ್ಳಿ. ಹೆಚ್ಚಿನವರು ‘ಬಚ್ಚಲದಾಗ ಜಾರಿ ಬಿದ್ದೆ’ ಅಂತ ಬರೆಸಿರುತ್ತಾರೆ, ಯಾಕೆಂದರೆ ಗಂಡ ಪಕ್ಕದಲ್ಲೇ ನಿಂತಿರುತ್ತಾನೆ. ಹಾಗೆ ಬರೆಸಿದ್ದರೆ ಮುಚ್ಚಿಡಬೇಡಿ. ಹೆದರಿ ಹೇಳಿದೆ ಅಂತ ಅರ್ಜಿಯಲ್ಲೇ ಹೇಳಿಬಿಡಿ. ಈಗ ಮೈಮೇಲೆ ಇನ್ನೂ ಗಾಯ, ಕಲೆ ಇದ್ದರೆ ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ‘ಗಂಡ ಹೊಡೆದದ್ದು’ ಅಂತ ಹೇಳಿ, ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿ ಅಂತ ಕೇಳಿ. ಬಾಸುಂಡೆ ವಾರದಲ್ಲಿ ಮಾಯವಾಗುತ್ತದೆ, ಆ ಕಾಗದ ಉಳಿಯುತ್ತದೆ. ಅವರು ಫೋನಿನಲ್ಲಿ ಬೈದ ರೆಕಾರ್ಡಿಂಗ್, ವಾಟ್ಸಾಪ್ ಧ್ವನಿ ಏನಿದ್ದರೂ ಅಳಿಸಬೇಡಿ. ಗಂಡ ಹೆಂಡತಿಯ ವ್ಯಾಜ್ಯದಲ್ಲಿ ಗುಟ್ಟಾಗಿ ಮಾಡಿಕೊಂಡ ರೆಕಾರ್ಡಿಂಗನ್ನೂ ಸಾಕ್ಷಿಯಾಗಿ ನೋಡಬಹುದು ಅಂತ ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ಆ ಫೋನನ್ನು ಬದಲಾಯಿಸಬೇಡಿ, ಮಾರಬೇಡಿ.

ಒಡವೆಗಳ ಪಟ್ಟಿಯನ್ನೂ ಮಾಡಿ. ತವರಿನವರು ಹಾಕಿದ ಬೋರಮಾಳ, ಪಾಟ್ಲಿ, ಕಿವಿಯ ಜುಮಕಿ, ಮದುವೆಯಲ್ಲಿ ಬಂದ ಬಾಂಡೆ ಸಾಮಾನು, ಕಪಾಟು ಎಲ್ಲ ನಿಮ್ಮ ಸ್ತ್ರೀಧನ. ಅತ್ತೆಯ ಟ್ರಂಕಿನಲ್ಲಿದ್ದರೂ ನಿಮ್ಮದೇ. ಬಂಗಾರದಂಗಡಿಯ ಚೀಟಿ ಇಲ್ಲದಿದ್ದರೆ ಮದುವೆಯ ಫೋಟೋ ಆಲ್ಬಮ್ ಸಾಕು. ಕೊರಳಲ್ಲಿದ್ದದ್ದು ಫೋಟೋದಲ್ಲಿ ಕಾಣುತ್ತದಲ್ಲ.

ಹಿರಿಯರ ವಿಷಯ. ಮೂರನೇ ಸಲ ಕೂಡೋಣ ಅಂತ ಹೇಳಿ ಕಳಿಸುತ್ತಾರೆ, ನೋಡುತ್ತಿರಿ. ಕೋರ್ಟಿನ ನೋಟಿಸ್ ಅವರ ಕೈ ಸೇರುವುದಕ್ಕಿಂತ ಮುಂಚೆ ಅದು ಬರುತ್ತದೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಊರಲ್ಲಿ ಬಾಳಬೇಕಾದವರು ನೀವು. ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಂತೂ ಅತ್ತೆಯೇ ಅಜ್ಜಿ. ಯಾರ ವಿರುದ್ಧ ಯಾರು ಮಾತಾಡೋದು? ಆದರೆ ಅರ್ಜಿ ಹಾಕಿದ ಮೇಲೆ ಹೋಗಿ, ಮುಂಚೆ ಹೋಗಬೇಡಿ. ಅಲ್ಲಿ ಬಾಂಡ್ ಪೇಪರ್ ತಂದು ‘ಇವತ್ತಿನಿಂದ ಇವರಿಗೂ ನಮಗೂ ಸಂಬಂಧವಿಲ್ಲ, ಪೋಟಗಿ ಕೇಳುವುದಿಲ್ಲ’ ಅಂತ ಬರೆದು ಸಹಿ ಹಾಕು ಅಂದರೆ ಪೆನ್ನು ಮುಟ್ಟಬೇಡಿ. ಪಂಚರು ಬಾಂಡಿನ ಮೇಲೆ ಬರೆದುಕೊಟ್ಟ ಮಾತ್ರಕ್ಕೆ ವಿಚ್ಛೇದನ ಆಗುವುದಿಲ್ಲ. ನಮ್ಮಲ್ಲಿ ಅಂಥ ರೂಢಿ ಹಿಂದಿನಿಂದ ಇದೆ ಅಂತ ಹೇಳುವವರು ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆದರೆ ಆ ಕಾಗದವನ್ನು ಹತ್ತು ವರ್ಷ ನಿಮ್ಮ ಮುಖಕ್ಕೆ ಹಿಡಿಯುತ್ತಾರೆ.

ಇನ್ನೊಂದು ನೋಟಿಸಿಗೂ ತಯಾರಿರಿ. ನೀವು ಅರ್ಜಿ ಹಾಕಿದ ಮೇಲೆ ಅವರು ಅಲ್ಲಿನ ಕೋರ್ಟಿನಲ್ಲಿ ‘ಹೆಂಡತಿ ಬಂದು ಸಂಸಾರ ಮಾಡಲಿ’ ಅಂತಲೋ ವಿಚ್ಛೇದನ ಬೇಕು ಅಂತಲೋ ಕೇಸ್ ಹಾಕಬಹುದು. ಮರಾಠಿಯಲ್ಲಿದೆ, ನನಗೆ ಓದಲು ಬರಲ್ಲ ಅಂತ ಆ ಲಕೋಟೆಯನ್ನು ದೇವರ ಕೋಣೆಯಲ್ಲಿ ಇಟ್ಟುಬಿಡಬೇಡಿ. ನೀವು ಹಾಜರಾಗದಿದ್ದರೆ ಒಂದೇ ಕಡೆಯ ಮಾತು ಕೇಳಿ ತೀರ್ಪು ಆಗುತ್ತದೆ. ನಿಮಗೆ ಬೇಡವಾದ ಸೋಡಚೀಟಿ ಬಂದರೆ ಆ ದಾರಿಯಲ್ಲಿ ಬರುತ್ತದೆ. ಆ ಕೇಸನ್ನು ಕರ್ನಾಟಕಕ್ಕೆ ವ‌ರ್ಗಾಯಿಸಿ ಅಂತ ಸುಪ್ರೀಂ ಕೋರ್ಟಿಗೆ ಕೇಳಬಹುದು. ಅದಕ್ಕೂ ಉಚಿತ ಕಾನೂನು ನೆರವು ಇದೆ.

ಹೌದು, ವಕೀಲರ ಫೀ. ಮಹಿಳೆಯಾಗಿದ್ದರೆ ಸಾಕು, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ವಕೀಲರನ್ನು ಸರ್ಕಾರವೇ ಕೊಡುತ್ತದೆ. ಅಥಣಿ ಕೋರ್ಟಿನ ಆವರಣಕ್ಕೆ ಹೋಗಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಫೋನಾದರೆ 15100. ಹಾಗೆ ಕೊಟ್ಟ ವಕೀಲರು ‘ಖರ್ಚಿಗೆ’ ಅಂತ ಕೈ ಚಾಚಿದರೆ ಸಮಿತಿಗೆ ಹೇಳಿ. ನಮ್ಮ ವೃತ್ತಿಯವರ ಬಗ್ಗೆ ನಾನೇ ಹೀಗೆ ಬರೆಯುತ್ತಿದ್ದೇನೆ, ಏನು ಮಾಡಲಿ, ನಡೆಯುತ್ತದೆ.

ಕೋರ್ಟಿಗೆ ಮುಂಚೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಕಚೇರಿಗೂ ಹೋಗಬಹುದು. ‘ಸಂರಕ್ಷಣಾಧಿಕಾರಿಯನ್ನು ಕಾಣಬೇಕು’ ಅನ್ನಿ. ಅವರು ನಿಮ್ಮ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಅಂತ ಒಂದು ನಮೂನೆ ತುಂಬಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅವರು ರಜೆಯಲ್ಲಿದ್ದರೆ, ನಾಳೆ ಬಾ ಅಂದರೆ ಕಾಯುತ್ತಾ ಕೂರಬೇಡಿ. ಆ ವರದಿ ಇಲ್ಲದೆಯೂ ನೀವು ನೇರ ಅರ್ಜಿ ಹಾಕಬಹುದು, ಕೋರ್ಟು ಆದೇಶ ಕೊಡಬಹುದು. ಇರಲು ಜಾಗವೇ ಇಲ್ಲದವರಿಗೆ, ತವರಿನ ಬಾಗಿಲೂ ಮುಚ್ಚಿದವರಿಗೆ ಜಿಲ್ಲಾ ಕೇಂದ್ರದಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್ ಇದೆ. ಕೆಲವು ದಿನದ ಆಸರೆ, ವೈದ್ಯರು, ಪೊಲೀಸ್, ವಕೀಲರ ನೆರವು ಒಂದೇ ಕಡೆ ಸಿಗುತ್ತದೆ. 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಗಂಡ ನಿಮ್ಮ ತವರಿಗೆ ಬಂದು ಬಾಗಿಲು ಬಡಿದರೆ ಮಾತ್ರ 181 ಅಂತೆಲ್ಲ ಹುಡುಕಬೇಡಿ, 112 ಒತ್ತಿ.

ಕಾಲದ ಬಗ್ಗೆ ಸುಳ್ಳು ಭರವಸೆ ಕೊಡುವುದಿಲ್ಲ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, ಅಲ್ಲಿಂದ 60 ದಿನದೊಳಗೆ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ಹಾಗೆ ಮುಗಿದದ್ದನ್ನು ನಾನು ಕಂಡದ್ದು ಕಡಿಮೆ. ಗಡಿಯಾಚೆಗೆ ನೋಟಿಸ್ ಮುಟ್ಟಿಸುವುದೇ ಒಂದು ಪ್ರಯಾಣ. ಅದಕ್ಕೇ ಅರ್ಜಿಯ ಜೊತೆಗೇ 23ನೇ ಕಲಂ ಕೆಳಗೆ ಮಧ್ಯಂತರ ಆದೇಶ ಕೇಳಬೇಕು. ಕೇಸ್ ಮುಗಿಯುವವರೆಗೆ ಹೊಡೆಯಬಾರದು, ಇಷ್ಟು ದುಡ್ಡು ಕೊಡಬೇಕು, ಮಗನನ್ನು ಕೊಡಬೇಕು ಅಂತ. ಅಪಾಯ ಇದೆ ಅಂತ ನಿಮ್ಮ ಅಫಿಡವಿಟ್ ನೋಡಿ ಅನ್ನಿಸಿದರೆ ಗಂಡ ಬರುವುದಕ್ಕೆ ಮುಂಚೆಯೇ ಕೋರ್ಟು ಕೊಡಬಹುದು. ಆದೇಶದ ಪ್ರತಿ ನಿಮಗೆ ಉಚಿತ. ಒಂದನ್ನು ಅಥಣಿ ಠಾಣೆಗೆ, ಒಂದನ್ನು ಗಂಡನ ಊರಿನ ಠಾಣೆಗೆ ಮುಟ್ಟಿಸಿ ಸ್ವೀಕೃತಿ ತೆಗೆದುಕೊಳ್ಳಿ.

ಈ ಪುಟ ಓದುವ ಬೇರೆಯವರಿಗೂ ಎರಡು ಮಾತು. ಡಿವಿ ಕಾಯ್ದೆಗೆ ಜಾತಿ ಧರ್ಮ ಇಲ್ಲ. ಮುಸ್ಲಿಂ, ಜೈನ, ಕ್ರೈಸ್ತ ಯಾರಾದರೂ ಹಾಕಬಹುದು. ತಲಾಕ್ ಆದ ಮುಸ್ಲಿಂ ಹೆಣ್ಣುಮಕ್ಕಳೂ ಪೋಟಗಿ ಕೇಳಬಹುದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಸ್ಪಷ್ಟ ಮಾಡಿದೆ. ಉಡಿಕಿ (ಮರುಮದುವೆ) ಆದವರು, ಮದುವೆಯ ಶಾಸ್ತ್ರವಿಲ್ಲದೆ ಗಂಡ ಹೆಂಡತಿಯಂತೆ ಬಹುಕಾಲ ಕೂಡಿ ಬಾಳಿದವರು ‘ನಮಗೆ ಕಾನೂನಿಲ್ಲ’ ಅಂತ ಸುಮ್ಮನಾಗಬೇಡಿ. ಮದುವೆಯ ಸ್ವರೂಪದ ಸಂಬಂಧಕ್ಕೂ ಈ ಕಾಯ್ದೆ ಇದೆ. ಅವನಿಗೆ ಮೊದಲ ಹೆಂಡತಿ ಇದ್ದಾಳೆ ಅಂತ ಗೊತ್ತಿದ್ದೂ ಜೊತೆಗಿದ್ದರೆ ಮಾತ್ರ ಕೇಸ್ ತೊಡಕಾಗುತ್ತದೆ. ಅಂಥವರು ವಕೀಲರಿಗೆ ಎಲ್ಲ ಬಿಚ್ಚಿ ಹೇಳಿ.

ನೀವು ಸೋಮವಾರ ಅಥಣಿಗೆ ಹೋಗುವಾಗ ಒಂದು ಚೀಲದಲ್ಲಿ ಲಗ್ನಪತ್ರಿಕೆ, ಮದುವೆಯ ಎರಡು ಫೋಟೋ, ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್, ದವಾಖಾನೆ ಚೀಟಿಗಳು, ತಾರೀಖು ಬರೆದ ಹಾಳೆ ಇಟ್ಟುಕೊಳ್ಳಿ. ಮಗನ ಕಾಗದ ಎಲ್ಲವೂ ಅಲ್ಲೇ ಉಳಿದಿವೆ ಅಂತ ಚಿಂತೆ ಬೇಡ. ಮೊದಲ ಬಾಣಂತನ ತವರಿನಲ್ಲೇ ಆಗಿರುತ್ತದೆ ಅಲ್ವಾ? ಹಾಗಾದರೆ ಅವನ ಜನನ ಪ್ರಮಾಣಪತ್ರ ನಮ್ಮ ಕಡೆಯ ದಾಖಲೆಯಲ್ಲೇ ಇರುತ್ತದೆ. ಹೆರಿಗೆಯಾದ ಆಸ್ಪತ್ರೆಯ ಹೆಸರು ಮತ್ತು ತಾರೀಖು ಕೊಟ್ಟು ಇನ್ನೊಂದು ಪ್ರತಿ ತೆಗೆಸಿ.